ಹಾಡುವ ಪೇಂಟರ್ ತುಟಿ ಆಡಿಸಿದ್ದು

ಆ ಬಡಾವಣೆಯಲ್ಲಿ ಯಾರ ಮನೆಗೆ ಬಣ್ಣ ಬಳಿಯುತ್ತಿದ್ದಾರೆ ಎಂದು ತಿಳಿಯಲು ಕಣ್ಣು ಬೇಕಿರಲಿಲ್ಲ, ಕಿವಿ ಇದ್ದರೆ ಸಾಕಿತ್ತು. ಪೇಂಟರ್ ಏಣಿ ಹತ್ತಿದನೆಂದರೆ ಹಾಡೂ ಅವನ ಜೊತೆ ಏಣಿ ಹತ್ತುತ್ತಿತ್ತು. ಗೋಡೆ ಕೆರೆಯುವಾಗ ಒಂದು ತರಹದ ಹಾಡು, ಪುಟ್ಟಿ ಮೆತ್ತುವಾಗ ಇನ್ನೊಂದು. ಕಿಟಕಿಯ ಅಂಚಿಗೆ ಸಣ್ಣ ಬ್ರಶ್ಶಿನಲ್ಲಿ ಗೆರೆ ಎಳೆಯುವಾಗ ಮಾತ್ರ ಸುಮ್ಮನಿರುತ್ತಿದ್ದ. ಆಗ ಮನೆಯವರೆಲ್ಲ ಹೊರಗೆ ಬಂದು "ಏನಾಯ್ತಪ್ಪ, ಬಿದ್ದುಗಿದ್ದ್ಯಾ?" ಎಂದು ಕೇಳುತ್ತಿದ್ದರು.

ಹಾಡುಗಳನ್ನು ಎಲ್ಲಿಂದಲೋ ಕಲಿತವನಲ್ಲ. ಬಾಯಿಗೆ ಬಂದದ್ದನ್ನು ಕಟ್ಟುವುದು, ನಾಳೆಗೆ ಮರೆಯುವುದು. ಒಂದೇ ಒಂದು ಹಾಡು ಮಾತ್ರ ಮರೆಯದೆ ಉಳಿದುಕೊಂಡಿತ್ತು:

ಹಳೆ ಬಣ್ಣ ಕೆರೆದರೆ ಅದರಡಿ ಇನ್ನೊಂದು,
ಅದರಡಿ ಮತ್ತೊಂದು, ಗೋಡೆ ಎಲ್ಲಿ?
ಬಳಿದು ಹೋಗುವ ನಾನು ಬಾಗಿಲಾಚೆಯವನು,
ಒಳಗಿರುವ ಜೀವವೇ, ನೀನು ಎಲ್ಲಿ?

ಕೊನೆಯ "ಎಲ್ಲಿ"ಯನ್ನು ಎಳೆದನೆಂದರೆ ಎದುರು ಮನೆಯ ಅಜ್ಜಿ ಲೋಟ ಹಿಡಿದ ಕೈ ಹಾಗೇ ನಿಲ್ಲಿಸಿ ಮುಗಿಯುವವರೆಗೆ ಕಾಯುತ್ತಿದ್ದಳು. ರೇಡಿಯೋ ರಿಪೇರಿಯವನ ಅಂಗಡಿಗೆ ಬಣ್ಣ ಬಳಿಯುತ್ತಿದ್ದ ದಿನ, ಆಗತಾನೆ ರಿಪೇರಿಯಾದ ಟೇಪ್ ರೆಕಾರ್ಡರ್ ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ಅಂಗಡಿಯವನು ರೆಕಾರ್ಡ್ ಗುಂಡಿ ಒತ್ತಿಬಿಟ್ಟ. ಪೇಂಟರಿಗೆ ಅದು ಗೊತ್ತೂ ಇರಲಿಲ್ಲ. ಹಾಡು ಪೂರ್ತಿ ಕ್ಯಾಸೆಟ್ಟಿಗೆ ಇಳಿಯಿತು, ಜೊತೆಗೆ ಗೋಡೆ ಕೆರೆಯುವ ಕರಕರ ಸದ್ದೂ.

ಪೇಂಟರಿಗೆ ಒಬ್ಬಳೇ ಮಗಳು. ಅಪ್ಪನ ಹಾಡೆಂದರೆ ಅವಳಿಗೆ ಚಿಕ್ಕಂದಿನಲ್ಲಿ ಹೆಮ್ಮೆ, ಸ್ವಲ್ಪ ದೊಡ್ಡವಳಾದ ಮೇಲೆ ನಾಚಿಕೆ. ಶಾಲೆಯ ಪಕ್ಕದ ಮನೆಗೇ ಬಣ್ಣ ಬಳಿಯಲು ಬಂದಾಗ, ಕಿಟಕಿಯಿಂದ ತೂರಿ ಬರುತ್ತಿದ್ದ ಧ್ವನಿ ಯಾರದೋ ಎಂಬಂತೆ ತಲೆ ತಗ್ಗಿಸಿ ಬರೆಯುತ್ತ ಕುಳಿತಿದ್ದಳು. ನಾಚಿಕೆ ಕಳೆದು ಮತ್ತೆ ಹೆಮ್ಮೆ ಬರುವ ವಯಸ್ಸಿಗೆ ಅವಳು ಬರುವ ಮೊದಲೇ ಅಪ್ಪನ ಗಂಟಲಲ್ಲಿ ಗಡ್ಡೆ ಬಂತು. ಧ್ವನಿ ಒಡೆಯಿತು, ಆಮೇಲೆ ಪಿಸುಮಾತಾಯಿತು. ಡಾಕ್ಟರು ನೇರವಾಗಿಯೇ ಹೇಳಿದರು: "ಜೀವ ಬೇಕಾದ್ರೆ ಧ್ವನಿಪೆಟ್ಟಿಗೆ ತೆಗೀಬೇಕು."

ತೆಗೆದರು. ಕತ್ತಿನ ಕೆಳಗೆ ಉಸಿರಾಡಲು ಒಂದು ತೂತು ಉಳಿಯಿತು. ಅದರ ಮೇಲೆ ಅಮ್ಮ ತೆಳುಬಟ್ಟೆಯ ಒಂದು ಚೌಕ ಕಟ್ಟುತ್ತಿದ್ದಳು. ಉಸಿರು ಹೊರಬಂದಾಗ ಅದು ಸ್ವಲ್ಪ ಉಬ್ಬುತ್ತಿತ್ತು, ಒಳಹೋದಾಗ ಒಳಗೆ ಸೇರುತ್ತಿತ್ತು.

ಮನೆ ಒಂದಷ್ಟು ದಿನ ಸತ್ತಂತೆ ಬಿದ್ದಿತ್ತು. ಆಮೇಲೆ ನಿಧಾನವಾಗಿ ಹೊಸ ಭಾಷೆ ಹುಟ್ಟಿತು. ಅಪ್ಪ ತುಟಿ ಆಡಿಸುವುದು, ಇವರಿಬ್ಬರು ಓದುವುದು. ಮಗಳು ಅದರಲ್ಲಿ ಎಷ್ಟು ಚುರುಕಾದಳೆಂದರೆ, ಅಡುಗೆಮನೆಯ ಬಾಗಿಲಲ್ಲಿ ಅಪ್ಪ ಅರ್ಧ ಮುಖ ತೋರಿಸಿದರೂ ಪೂರ್ತಿ ವಾಕ್ಯ ಹೇಳಿಬಿಡುತ್ತಿದ್ದಳು. ಜಗಳಕ್ಕೂ ಹೊಸ ನಿಯಮ ಬಂತು. ಅಮ್ಮ ಬೆನ್ನು ತಿರುಗಿಸಿ ಪಾತ್ರೆ ತೊಳೆಯಲು ನಿಂತಳೆಂದರೆ ಅಪ್ಪ ಸೋತ ಹಾಗೆ. ಅವನು ಅವಳನ್ನು ಸುತ್ತಿ ಬಂದು ಮುಖದೆದುರು ನಿಂತು ತುಟಿ ಆಡಿಸಿದರೆ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ನೋಡೇ, ಕಣ್ಣು ಮುಚ್ಚಿದ್ರೆ ಕಿವುಡಿ ಆಗ್ತಾಳೆ ನಿಮ್ಮಮ್ಮ" ಎಂದು ಅಪ್ಪ ಮಗಳ ಕಡೆ ತಿರುಗಿ ತುಟಿ ಆಡಿಸುತ್ತಿದ್ದ.

ಪೇಂಟರ್ ಮತ್ತೆ ಕೆಲಸಕ್ಕೆ ಹೋದ. ಬಣ್ಣದ ವಾಸನೆ ತಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಹೊರಗೋಡೆ ಮಾತ್ರ ಒಪ್ಪಿಕೊಳ್ಳುತ್ತಿದ್ದ. ಏಣಿಯ ಮೇಲೆ ನಿಂತು ಈಗಲೂ ತುಟಿ ಆಡಿಸುತ್ತಿದ್ದ. ಕೆಳಗಿನಿಂದ ನೋಡುವವರಿಗೆ ಏನೋ ಮೆಲ್ಲುತ್ತಿದ್ದಾನೆ ಅನ್ನಿಸುತ್ತಿತ್ತು. ಮಗಳಿಗೆ ಮಾತ್ರ ಅದು ಯಾವ ಹಾಡೆಂದು ಗೊತ್ತಿತ್ತು. ರೇಡಿಯೋ ರಿಪೇರಿಯವನು ಒಂದು ದಿನ ಮನೆ ಹುಡುಕಿಕೊಂಡು ಬಂದು ಆ ಹಳೆಯ ಕ್ಯಾಸೆಟ್ಟನ್ನು ಅಮ್ಮನ ಕೈಯಲ್ಲಿಟ್ಟು ಹೋದ. ಅಮ್ಮ ಅದನ್ನು ಬಟ್ಟೆಗಳ ಅಡಿಯಲ್ಲಿಟ್ಟಳು. ಯಾರೂ ಅದನ್ನು ಹಾಕಿ ಕೇಳಲಿಲ್ಲ.

ಮಗಳು ಕಾಲೇಜಿನಲ್ಲಿ ವಿಡಿಯೋ ಕೋರ್ಸಿಗೆ ಸೇರಿದಳು. ಎಡಿಟಿಂಗ್ ಅವಳಿಗೆ ನೀರು ಕುಡಿದ ಹಾಗೆ ಬಂತು. ಮಾತಿಗೂ ತುಟಿಗೂ ಒಂದೆಳೆ ವ್ಯತ್ಯಾಸವಿದ್ದರೂ ಅವಳಿಗೆ ಅದು ಕಣ್ಣಿಗೆ ಬಿದ್ದ ಕಸದಂತೆ ಚುಚ್ಚುತ್ತಿತ್ತು. ಕ್ಲಾಸಿನವರು ಅವಳಿಗೆ 'ಕತ್ತರಿ' ಎಂದು ಹೆಸರಿಟ್ಟರು.

ಕೊನೆಯ ವರ್ಷ ಪ್ರತಿ ತಂಡವೂ ಒಂದು ಮ್ಯೂಸಿಕ್ ವಿಡಿಯೋ ಮಾಡಬೇಕಿತ್ತು. ಕತ್ತರಿಯ ತಂಡದಲ್ಲಿ ಮೂವರು: ಅವಳು, ಸಂಗೀತ ಕೂಡಿಸುವ ಒಬ್ಬ ಗೆಳತಿ, ಮತ್ತು 'ಏಣಿ' ಎಂದು ಎಲ್ಲರೂ ಕರೆಯುತ್ತಿದ್ದ ಎತ್ತರದ ಹುಡುಗ. ಕ್ಯಾಮೆರಾ ಹಿಡಿಯಲು ಅವನಿಗೆ ಸ್ಟೂಲು ಬೇಕಿರಲಿಲ್ಲ, ಅದಕ್ಕೇ ಆ ಹೆಸರು. ಯಾವ ಹಾಡು ಮಾಡುವುದೆಂದು ಮೂವರೂ ತಲೆ ಕೆರೆದುಕೊಳ್ಳುತ್ತಿದ್ದಾಗ ಕತ್ತರಿಗೆ ಕ್ಯಾಸೆಟ್ಟಿನ ನೆನಪಾಯಿತು. ಅಮ್ಮನನ್ನು ಕೇಳದೆ ತೆಗೆದುಕೊಂಡು ಹೋಗಿ ಲ್ಯಾಬಿನಲ್ಲಿ ಹಾಕಿದಳು.

ಧ್ವನಿ ಹೊರಬಂದಾಗ ಅವಳು ಹೆಡ್‌ಫೋನ್ ಕಿತ್ತು ಟೇಬಲ್ ಮೇಲಿಟ್ಟಳು. ಆಮೇಲೆ ಮಿಕ್ಕಿಬ್ಬರಿಗೆ ಕೇಳಿಸಿದಳು.

"ಯಾರೇ ಇದು?" ಏಣಿ ಕೇಳಿದ.

"ನಮ್ಮಪ್ಪ."

ಗೆಳತಿ ಆ ಕರಕರ ಸದ್ದನ್ನೇ ತಾಳ ಮಾಡಿಕೊಂಡು ಹಾಡಿನ ಸುತ್ತ ಸಂಗೀತ ಹೊಸೆದಳು. ಕೋರ್ಸಿನ ಪಾಠ ಮಾಡುತ್ತಿದ್ದ ಮೇಡಂ ಕೇಳಿ, "ಇದು ಸಿಕ್ಕಿದ್ದು ನಿಮ್ಮ ಪುಣ್ಯ. ಹಾಡೋರು ಯಾರಾಗ್ತಾರೆ ಪರದೆ ಮೇಲೆ?" ಎಂದರು.

"ಅವರೇ" ಎಂದಳು ಕತ್ತರಿ. ಆ ಕ್ಷಣದಲ್ಲಿ ಅವಳಿಗೆ ಬೇರೆ ಉತ್ತರವೇ ತೋಚಲಿಲ್ಲ.

ಮನೆಗೆ ಹೋಗಿ ಅಪ್ಪನ ಮುಂದೆ ಮೊಬೈಲಿನಲ್ಲಿ ಹಾಡು ಹಾಕಿದಳು. ಅಪ್ಪ ಕೈಯಲ್ಲಿದ್ದ ಟವೆಲನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಅಮ್ಮ ಒಳಗಿನಿಂದ ಓಡಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಪ್ಪ, ನೀನು ಇದಕ್ಕೆ ಬಾಯಿ ಆಡಿಸ್ಬೇಕು, ಕ್ಯಾಮೆರಾ ಮುಂದೆ. ಧ್ವನಿ ಇದೇ ಇರತ್ತೆ, ಮುಖ ನಿಂದು."

ಅಪ್ಪ ತುಟಿ ಆಡಿಸಿದ: "ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ. ಪೇಂಟರ್ ಮಾನ ಕಳೀಬೇಡ."

ಆದರೆ ಮರುದಿನದಿಂದಲೇ ಅಭ್ಯಾಸ ಶುರುವಾಯಿತು. ಬಚ್ಚಲುಮನೆಯ ಕನ್ನಡಿಯ ಮುಂದೆ ಪುಟ್ಟ ಸ್ಪೀಕರ್ ಇಟ್ಟುಕೊಂಡು ಅಪ್ಪ ಬಾಗಿಲು ಹಾಕಿಕೊಂಡನೆಂದರೆ ಯಾರಿಗೂ ಸ್ನಾನವಿಲ್ಲ. ಒಳಗೆ ಹಾಡು ಮುಗಿಯುವುದು, ಮತ್ತೆ ಮೊದಲಿನಿಂದ ಶುರುವಾಗುವುದು. ಅಮ್ಮ ಹೊರಗಿನಿಂದ ಬಾಗಿಲು ಬಡಿದು, "ರೀ, ಮದುಮಗನ ಹಾಗೆ ಎಷ್ಟೊತ್ತು ಕನ್ನಡಿ ನೋಡ್ಕೋತೀರಿ? ಮಗಳಿಗೆ ಕಾಲೇಜಿಗೆ ಹೊತ್ತಾಯ್ತು" ಎನ್ನುವಳು. ಅಪ್ಪ ಬಾಗಿಲು ತೆರೆದು, ಮುಖದ ತುಂಬ ಸೋಪಿನ ನೊರೆ ಇಟ್ಟುಕೊಂಡೇ ಅವಳೆದುರು ಒಂದು ಸಾಲು ತುಟಿ ಆಡಿಸಿ ಮತ್ತೆ ಬಾಗಿಲು ಹಾಕಿಕೊಳ್ಳುವನು. ಅಮ್ಮ ನಕ್ಕು ಎಷ್ಟು ದಿನವಾಗಿತ್ತೋ, ಆ ವಾರ ಮಾತ್ರ ಅವಳ ನಗು ನಿಲ್ಲಲೇ ಇಲ್ಲ.

ಕಾಲೇಜಿನ ಸಮೀಪ ಹೊಸದಾಗಿ ಕಟ್ಟಿ ಖಾಲಿ ಬಿಟ್ಟಿದ್ದ ಮನೆಯೊಂದರಲ್ಲಿ ಶೂಟಿಂಗ್. ಕೋಣೆ ಕೋಣೆಯಲ್ಲೂ ಸಿಮೆಂಟಿನ ವಾಸನೆ, ಕಿಟಕಿಗಳಿಗೆ ಇನ್ನೂ ಗಾಜು ಕೂತಿರಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. "ಅಯ್ಯೋ ಅಪ್ಪ, ಕೆಲಸದ ಅಂಗಿ ಹಾಕ್ಕೋ ಅಂದಿದ್ನಲ್ಲ" ಎಂದರೆ, "ಅದು ಚೀಲದಲ್ಲಿದೆ. ಬರುವಾಗ ಜನ ನೋಡಲ್ವಾ?" ಎಂದ.

ಲಿಪ್ ಸಿಂಕ್ ಮಾಡುವವರಿಗೆ ಮೇಡಂ ಕ್ಲಾಸಿನಲ್ಲಿ ಒಂದೇ ಮಂತ್ರ ಹೇಳಿಕೊಟ್ಟಿದ್ದರು: "ಬರೀ ತುಟಿ ಆಡಿಸ್ಬೇಡಿ, ಪ್ಲೇಬ್ಯಾಕ್ ಜೊತೆ ನಿಜವಾಗಿ ಹಾಡಿ, ಗಟ್ಟಿಯಾಗಿ. ಇಲ್ದಿದ್ರೆ ಕತ್ತಿನ ನರ ಏಳಲ್ಲ, ಎದೆ ಏಳಲ್ಲ. ನೋಡೋರಿಗೆ ಅದು ಸುಳ್ಳು ಅಂತ ಗೊತ್ತಾಗ್ಬಿಡತ್ತೆ." ಕತ್ತರಿಗೆ ಅದು ಶೂಟಿಂಗಿನ ದಿನ ನೆನಪಾಗಲಿಲ್ಲ. ಏಣಿ ಕ್ಯಾಮೆರಾ ಹಿಡಿದ. ಸ್ಪೀಕರಿನಿಂದ ಹಾಡು ಹೊಮ್ಮಿತು. ಅಪ್ಪ ಗೋಡೆ ಕೆರೆಯುತ್ತ, ತಿರುಗಿ ನೋಡುತ್ತ, ತುಟಿ ಆಡಿಸಿದ. ಸಂಜೆ ಎಲ್ಲ ಮುಗಿದಾಗ ಗೆಳತಿ ಚಪ್ಪಾಳೆ ತಟ್ಟಿದಳು, ಏಣಿ ಅಪ್ಪನ ಕೈ ಕುಲುಕಿದ. ಅಪ್ಪ ನಾಚಿ, ಬಳಿಯದೆ ಉಳಿದಿದ್ದ ಒಂದು ಮೂಲೆಗೆ ಬ್ರಶ್ ಹಿಡಿದು ಹೋದ. ಅರ್ಧ ಗೋಡೆ ಬಿಟ್ಟು ಹೋಗುವುದು ಅವನ ಜಾಯಮಾನದಲ್ಲಿ ಇರಲಿಲ್ಲ.

ಎಡಿಟಿಂಗಿಗೆ ಕೂತಾಗ ಗೊತ್ತಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ ಹಾಡು ಒಂದು ಕಡೆ, ತುಟಿ ಒಂದು ಕಡೆ. ಅಕ್ಷರಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಎಳೆಯುವ ಕಡೆಯಲ್ಲೆಲ್ಲ ಅಪ್ಪನ ಬಾಯಿ ಮೊದಲೇ ಮುಚ್ಚಿಬಿಡುತ್ತಿತ್ತು. ಅವನ ಉಸಿರು ಕತ್ತಿನಿಂದಲೇ ಬಂದು ಕತ್ತಿನಿಂದಲೇ ಹೋಗುತ್ತಿತ್ತು, ಬಾಯಿಗೆ ಅದರ ಸುದ್ದಿಯೇ ಇರಲಿಲ್ಲ. "ಎಲ್ಲಿ" ಎಂದು ಧ್ವನಿ ಇನ್ನೂ ಏರುತ್ತಿರುವಾಗ ತುಟಿ ಮುಚ್ಚಿ, ಕಣ್ಣು ಮಾತ್ರ ತೆರೆದ ಮುಖ ಪರದೆಯ ಮೇಲೆ ನಿಂತಿರುತ್ತಿತ್ತು. ಕತ್ತಿಗೆ ಕಟ್ಟಿದ ಬಟ್ಟೆ ಬೇರೆಯೇ ಲಯದಲ್ಲಿ ಉಬ್ಬಿ ಇಳಿಯುತ್ತಿತ್ತು.

ಅವಳು ಚಿತ್ರವನ್ನು ಒಂದೊಂದು ಫ್ರೇಮ್ ಹಿಂದೆ ತಳ್ಳಿದಳು, ಮುಂದೆ ಎಳೆದಳು. ಮೊದಲ ಸಾಲು ಕೂತರೆ ಎರಡನೆಯದು ಕೆಡುತ್ತಿತ್ತು. ಮುಖ ತೋರಿಸುವಲ್ಲೆಲ್ಲ ಕೈ ತೋರಿಸಿದಳು, ಬ್ರಶ್ ತೋರಿಸಿದಳು, ಕಿಟಕಿ ತೋರಿಸಿದಳು. ಕೊನೆಗೆ ನೋಡಿದರೆ ಹಾಡುವವನೇ ಇಲ್ಲದ ಹಾಡಾಗಿತ್ತು ಅದು.

ಮೇಡಂ ನೋಡಿದರು. ಕೆಟ್ಟ ಮನಸ್ಸಿನವರಲ್ಲ ಅವರು. "ನಿಮ್ಮ ತಂದೆಯವರ ವಿಷಯ ನನಗೆ ಗೊತ್ತು. ನನಗೆ ಗೊತ್ತಿರೋದ್ರಿಂದ ಕಣ್ಣಲ್ಲಿ ನೀರು ಬರತ್ತೆ. ಗೊತ್ತಿಲ್ದವರು ಎಡಿಟರಿಗೆ ಕೆಲಸ ಬರಲ್ಲ ಅಂತಾರೆ. ಯೋಚ್ನೆ ಮಾಡಿ" ಎಂದರು.

ಎಡಿಟರಿಗೆ ಕೆಲಸ ಬರುವುದಿಲ್ಲ ಎಂಬ ಮಾತು ಅವಳಿಗೆ ಮುಳ್ಳಿನಂತೆ ನಾಟಿತು. ಆ ವಾರ ಮನೆಯಲ್ಲಿ ಅಪ್ಪ "ಎಲ್ಲಿಗೆ ಬಂತು?" ಎಂದು ಕೇಳಿದಾಗಲೆಲ್ಲ "ನಡೀತಿದೆ" ಎಂದು ಜಾರಿಕೊಂಡಳು. ಒಮ್ಮೆ, ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ಬೆನ್ನು ತಿರುಗಿಸಿ ನೀರು ಕುಡಿಯಲು ನಿಂತಳು.

ಅಪ್ಪ ಒಂದು ಮಧ್ಯಾಹ್ನ ಹೇಳದೆ ಕೇಳದೆ ಕಾಲೇಜಿಗೆ ಬಂದ. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನನ್ನು ಕಂಡು ಅವಳಿಗೆ ಪರದೆ ಮುಚ್ಚಲೂ ಸಮಯ ಸಿಗಲಿಲ್ಲ. "ತೋರ್ಸು" ಎಂದು ತುಟಿ ಆಡಿಸಿದ. ತೋರಿಸಿದಳು. ಅಪ್ಪ ಕೈಕಟ್ಟಿಕೊಂಡು, ಬೇರೆಯವರು ಬಳಿದ ಗೋಡೆ ನೋಡುವಂತೆ, ಸ್ವಲ್ಪ ದೂರ ನಿಂತು, ಆಮೇಲೆ ಹತ್ತಿರ ಬಂದು ನೋಡಿದ. ಇನ್ನೊಮ್ಮೆ ಹಾಕು ಎಂದು ಕೈಸನ್ನೆ ಮಾಡಿದ. ಎರಡನೆಯ ಸಲ ಪರದೆಯ ಮೇಲಿನ ಅವನ ಬಾಯಿ ಮುಚ್ಚಿದ ಮೇಲೂ ಎದುರು ನಿಂತ ಅವನ ಬಾಯಿ ತೆರೆದೇ ಇತ್ತು, ಧ್ವನಿ ಮುಗಿಯುವವರೆಗೆ.

ಮಗಳ ಕಡೆ ತಿರುಗಿ ನಿಧಾನವಾಗಿ, ಅವಳಿಗೆ ತಪ್ಪಿಹೋಗಬಾರದೆಂಬಂತೆ ತುಟಿ ಆಡಿಸಿದ: "ಆ ಎತ್ತರದ ಹುಡುಗನ್ನ ಹಾಕು. ಚೆನ್ನಾಗಿದ್ದಾನೆ ನೋಡೋಕೆ."

"ಅಪ್ಪ..."

"ಹಾಡು ಚೆನ್ನಾಗಿ ಬರ್ಬೇಕು. ಯಾರ ಮುಖ ಆದ್ರೇನು."

ಅವಳು ಏನೂ ಹೇಳಲಿಲ್ಲ. ಆದರೆ ಒಂದು ವಾರದಿಂದ ಕಿವಿಯವರೆಗೆ ಏರಿ ಬಿಗಿದುಕೊಂಡಿದ್ದ ಅವಳ ಭುಜಗಳು ಆಗ ತಾವಾಗಿಯೇ ಇಳಿದವು. ಎದೆಯ ಮೇಲಿನ ಕಲ್ಲು ಇಳಿಸಿದವರ ಹಾಗೆ ಒಂದು ಉಸಿರು ಹೊರಬಂತು. ಅಪ್ಪ ಅದನ್ನು ನೋಡಿದ. ತುಟಿ ಓದುವ ಮನೆಯಲ್ಲಿ ಮುಖ ಓದುವುದೇನು ದೊಡ್ಡ ವಿದ್ಯೆಯಲ್ಲ. ಅವನು ನಕ್ಕು ಅವಳ ತಲೆ ಮುಟ್ಟಿ, ಚಪ್ಪಲಿ ಮೆಟ್ಟಿ ಹೊರಟುಹೋದ.

ಏಣಿ ಮೊದಲು ಒಪ್ಪಲಿಲ್ಲ. "ಅಂಕಲ್ ಇರುವಾಗ ನಾನ್ಯಾಕೆ? ನಂಗೆ ಬೇಜಾರಾಗತ್ತೆ" ಎಂದ. "ಅವರೇ ಹೇಳಿದ್ದು" ಎಂದು ಕತ್ತರಿ ಅವನ ಬಾಯಿ ಮುಚ್ಚಿಸಿದಳು. ಅಭ್ಯಾಸದಲ್ಲಿ ಅವನು ಮರದ ಬೊಂಬೆಯ ಹಾಗಿದ್ದ. ಗಟ್ಟಿಯಾಗಿ ಹಾಡು ಎಂದರೆ ಹಾಡುತ್ತಿದ್ದ, ಆದರೆ ಅಪಸ್ವರಕ್ಕೆ ತಾನೇ ನಕ್ಕುಬಿಡುತ್ತಿದ್ದ. ಕತ್ತರಿ ಅವನೆದುರು ಕೂತು ಒಂದೊಂದು ಸಾಲಿಗೂ ಬಾಯಿ ಹೇಗೆ ತೆರೆಯಬೇಕೆಂದು ತೋರಿಸಿದಳು, ಮೊಬೈಲಿನಲ್ಲಿ ಹಿಡಿದು ತಪ್ಪು ತೋರಿಸಿದಳು, ಬೈದಳು. ಉಪಯೋಗವಾಗಲಿಲ್ಲ. ಆಮೇಲೆ, ಶೂಟಿಂಗಿಗೆ ಕೆಲವೇ ದಿನ ಇರುವಾಗ, ಹುಡುಗ ಇದ್ದಕ್ಕಿದ್ದ ಹಾಗೆ ಬದಲಾದ. ಉಸಿರು ತೆಗೆದುಕೊಳ್ಳುವ ಜಾಗ ಸರಿಯಾಯಿತು, ಎಳೆಯುವಾಗ ಗಲ್ಲ ಸ್ವಲ್ಪ ಮೇಲೆದ್ದಿತು, ಕೆರೆಯುವ ಕೈಗೂ ಹಾಡಿಗೂ ಹೊಂದಿಕೆ ಬಂತು. ಬೈದದ್ದು ಸಾರ್ಥಕವಾಯಿತು ಎಂದುಕೊಂಡಳು ಕತ್ತರಿ.

ಎಡಿಟಿಂಗ್ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಯಿತು. ಧ್ವನಿ ಅವನದಲ್ಲ ಎಂದು ದೇವರಾಣೆ ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಎಲ್ಲ ತಂಡಗಳ ವಿಡಿಯೋ ತೋರಿಸಿದರು. ಅಪ್ಪ ಅಮ್ಮ ಇಬ್ಬರೂ ಬಂದಿದ್ದರು, ನಡುವಿನ ಸಾಲಿನಲ್ಲಿ ಕೂತಿದ್ದರು. ಅಪ್ಪನದು ಪರದೆಯಲ್ಲಿ ಉಳಿದದ್ದು ಒಂದು ಕೈ, ಗೋಡೆಯ ಮೇಲೆ ತಗಡಿನ ಪಟ್ಟಿ ಹಿಡಿದು ಕೆರೆಯುವ ಕೈ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಕೊನೆಯಲ್ಲಿ 'ಹಾಡು ಮತ್ತು ಧ್ವನಿ' ಎಂದು ಅವನ ಹೆಸರು ಬಂತು. ಆದರೆ ಅಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು, ದೀಪ ಹತ್ತಿತ್ತು, ಜನ ಎದ್ದು ನಿಂತಿದ್ದರು. ಎದ್ದವರ ತಲೆಗಳ ನೆರಳು ಆ ಅಕ್ಷರಗಳ ಮೇಲೆ ಬಿದ್ದಿತ್ತು.

ಹೊರಗೆ ಏಣಿಯ ಸುತ್ತ ಗುಂಪು. "ಏನ್ ಕಂಠನೋ ನಿಂದು!" ಎಂದು ಯಾರೋ ಅವನ ಬೆನ್ನು ತಟ್ಟುತ್ತಿದ್ದರು. ಅವನು "ನಂದಲ್ಲ, ನಂದಲ್ಲ, ಅವರದು" ಎಂದು ಅಪ್ಪನ ಕಡೆ ಕೈ ತೋರಿಸಿದ. ಬೆನ್ನು ತಟ್ಟಿದವನು ತಿರುಗಿ, "ಹೌದಾ ಸಾರ್? ಎರಡು ಸಾಲು ಹಾಡಿ ಮತ್ತೆ" ಎಂದ. ಅಪ್ಪ ಕತ್ತಿನ ಬಟ್ಟೆ ಮುಟ್ಟಿ ತೋರಿಸಿ ನಕ್ಕ. ಆ ಮನುಷ್ಯನಿಗೆ ಅರ್ಥವಾಗಲಿಲ್ಲ. ಅವನು ಕೂಡ ನಕ್ಕು ಬೇರೆ ಕಡೆ ಹೋದ.

ಅವತ್ತು ಮನೆಗೆ ಹೋಗುವಾಗ ದಾರಿಯಲ್ಲಿ ಅಪ್ಪ ಮಗಳ ಕೆಲಸವನ್ನು ಬಾಯ್ತುಂಬ ಹೊಗಳಿದ. ಅವಳು ಬೀದಿದೀಪದಿಂದ ಬೀದಿದೀಪಕ್ಕೆ ಅವನ ತುಟಿ ಓದುತ್ತ ನಡೆದಳು. ಎರಡು ದೀಪಗಳ ನಡುವೆ ಅವನು ಏನೆಂದನೋ, ಅದನ್ನು ಮತ್ತೆ ಹೇಳು ಎಂದು ಅವಳು ಕೇಳಲಿಲ್ಲ.

ಅದೇ ವಿಡಿಯೋ ತೋರಿಸಿ ಅವಳಿಗೆ ಕೆಲಸ ಸಿಕ್ಕಿತು. ಜಾಹೀರಾತು ಕತ್ತರಿಸುವ ಸಣ್ಣ ಸ್ಟುಡಿಯೋ, ಆಮೇಲೆ ಸ್ವಲ್ಪ ದೊಡ್ಡದು. ಅಪ್ಪ ಹೊರಗೋಡೆಗಳನ್ನು ಬಳಿಯುತ್ತಲೇ ಇದ್ದ. ಆದರೆ ಏಣಿಯ ಮೇಲೆ ಅವನ ತುಟಿ ಆಡುತ್ತಿರಲಿಲ್ಲ. ಅದು ಯಾವಾಗ ನಿಂತಿತೆಂದು ಅವಳಿಗೆ ತಿಳಿಯಲಿಲ್ಲ. ಒಂದು ದಿನ ಬಸ್ಸಿನ ಕಿಟಕಿಯಿಂದ, ಯಾರದೋ ಎತ್ತರದ ಗೋಡೆಗೆ ಒರಗಿಸಿದ ಏಣಿಯ ಮೇಲೆ ಅವನನ್ನು ಕಂಡಳು. ಬಸ್ಸು ಸಿಗ್ನಲಿನಲ್ಲಿ ನಿಂತಿತ್ತು. ಅವಳು ಅವನ ಬಾಯನ್ನೇ ನೋಡಿದಳು. ಬಣ್ಣ ಬಳಿಯುವ ಉಳಿದ ಎಲ್ಲರ ಬಾಯಿಯ ಹಾಗೆ ಅದೂ ಮುಚ್ಚಿತ್ತು.

ಅದಾದ ಮೇಲೆ ಒಂದು ರಜೆಯ ದಿನ ಅವಳು ಕೇಳಿದಳು: "ಅಪ್ಪ, ಆ ಹಾಡು ಇನ್ನೊಂದ್ಸಲ ಶೂಟ್ ಮಾಡೋಣ್ವಾ? ಈಗ ನನ್ಹತ್ರ ಒಳ್ಳೇ ಕ್ಯಾಮೆರಾ ಇದೆ."

"ಅದಾಯ್ತಲ್ಲ" ಎಂದ ಅಪ್ಪ. "ಒಣಗಿದ ಗೋಡೆ ಮತ್ಯಾಕೆ ಮುಟ್ಟೋದು?"

ಅಪ್ಪನ ಶೂಟಿಂಗಿನ ಹಳೆಯ ಚಿತ್ರಗಳಾದರೂ ಇವೆಯಲ್ಲ ಎಂದು ಕಾಲೇಜಿಗೆ ಹೋದಳು. ಲ್ಯಾಬಿನ ಹುಡುಗಿ ಪಾಪ ಎಲ್ಲ ಕಂಪ್ಯೂಟರಿನಲ್ಲೂ ಹುಡುಕಿದಳು. ಬ್ಯಾಚು ಮುಗಿದ ಮೇಲೆ ಜಾಗಕ್ಕಾಗಿ ಅಳಿಸಿಹಾಕುತ್ತಾರಂತೆ, ಮುಗಿದ ವಿಡಿಯೋ ಮಾತ್ರ ಇಟ್ಟುಕೊಳ್ಳುತ್ತಾರಂತೆ. "ನೀವು ಕಾಪಿ ಇಟ್ಕೊಂಡಿರ್ಲಿಲ್ವಾ ಮೇಡಂ?" ಎಂದು ಅವಳು ಕೇಳಿದಳು. ಕೆಟ್ಟ ಟೇಕುಗಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಆಗ ಅವು ಕತ್ತರಿಗೆ ಕೆಟ್ಟ ಟೇಕುಗಳೇ ಆಗಿದ್ದವು.

ಅಪ್ಪನ ಕಾಯಿಲೆ ಮರಳಿ ಬಂತು, ಈ ಸಲ ಎದೆಗೆ. ಬಹಳ ದಿನ ಕಾಡಿಸದೆ ಕರೆದುಕೊಂಡು ಹೋಯಿತು.

ಸುದ್ದಿ ತಿಳಿದು ಏಣಿ ದೂರದ ಊರಿನಿಂದ ಬಂದ. ಈಗ ಅವನಿಗೆ ಹೊಟ್ಟೆ ಬಂದಿತ್ತು, ಬಾಗಿಲಲ್ಲಿ ತಲೆ ಬಗ್ಗಿಸುವ ಅಭ್ಯಾಸ ಮಾತ್ರ ಹಾಗೇ ಇತ್ತು. ಅಮ್ಮ ಟೀ ಕೊಟ್ಟಳು. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದವನು, "ಅಂಕಲ್ ನನ್ನ ರೂಮಿಗೆ ಬರ್ತಿದ್ರು ಅಮ್ಮ" ಎಂದ.

"ಯಾವಾಗ?" ಕತ್ತರಿ ಕೇಳಿದಳು.

"ನೀನು ನಂಗೆ ದಿನಾ ಬೈತಿದ್ಯಲ್ಲ, ಆಗ. ಕೆಲಸ ಮುಗಿಸ್ಕೊಂಡು ಸೀದಾ ಹಾಸ್ಟೆಲಿಗೆ ಬರೋರು, ಬಣ್ಣದ ಬಟ್ಟೇಲೇ. ನನ್ನ ಕೈ ತಗೊಂಡು ಅವರ ಹೊಟ್ಟೆ ಮೇಲೆ ಇಟ್ಕೊಳ್ಳೋರು. ಎಲ್ಲಿ ಉಸಿರು ತಗೋಬೇಕು, ಎಷ್ಟು ಹೊತ್ತು ಹಿಡೀಬೇಕು ಅಂತ ಅಲ್ಲಿಂದ್ಲೇ ಕಲ್ಸಿದ್ದು. ನಿಂಗೆ ಹೇಳ್ಬೇಡ ಅಂತ ಕೈ ಮುಗಿದ್ರು. ನೀನೇ ಕಲ್ಸಿದ್ದು ಅಂತ ನಿಂಗೆ ಅನ್ನಿಸ್ಬೇಕಂತೆ."

ಕತ್ತರಿ ಅಮ್ಮನ ಕಡೆ ನೋಡಿದಳು.

"ಇನ್ನೊಂದು ವಿಷಯ" ಎಂದು ಏಣಿ ಮುಂದುವರಿಸಿದ. "ಸ್ಪೀಕರ್ ಹಾಕ್ದೆ, ಬರೀ ಅವರಷ್ಟಕ್ಕೆ ಅವರು ತೋರ್ಸುವಾಗ ತುಂಬ ಚೆನ್ನಾಗಿ ಬರ್ತಿತ್ತು. ಹಳೇ ಹಾಡಿಗಿಂತ ನಿಧಾನ. ನಡುವೆ ನಡುವೆ ನಿಲ್ಲಿಸೋರು. ಆದ್ರೆ ತಪ್ಪೇ ಇರ್ಲಿಲ್ಲ ಅದ್ರಲ್ಲಿ. ನಾನು ರೂಮಿನ ಬಾಗಿಲು ಹಾಕ್ಕೊಂಡು ನೋಡ್ತಿದ್ದೆ. ಒಂದು ಚೂರೂ ಸದ್ದಿಲ್ಲ, ಹಾಡು ಮಾತ್ರ ಪೂರ್ತಿ."

ಆಗ ಅವಳಿಗೆ ತಿಳಿಯಿತು. ಇಷ್ಟು ವರ್ಷ ಇದೇ ಕೆಲಸ ಮಾಡಿ ತಿಂದವಳಿಗೆ ಅದು ಹೊಳೆಯದೇ ಹೋಗಿತ್ತು. ಅವಳು ಅಪ್ಪನ ಬಾಯನ್ನು ಧ್ವನಿಗೆ ಕೂರಿಸಲು ಒದ್ದಾಡಿದ್ದಳು. ಗಂಟಲಿದ್ದ ಕಾಲದ ಅಪ್ಪನ ಹಿಂದೆ ಗಂಟಲಿಲ್ಲದ ಅಪ್ಪನನ್ನು ಓಡಿಸಿದ್ದಳು. ಧ್ವನಿಯನ್ನು ಬಾಯಿಗೆ ಕೂರಿಸಬಹುದಿತ್ತು. ಅವನು ನಿಲ್ಲಿಸಿದಲ್ಲಿ ಹಾಡನ್ನೂ ಕತ್ತರಿಸಿ, ಅವನು ಉಸಿರೆಳೆದಷ್ಟು ಹೊತ್ತು ಸುಮ್ಮನೆ ಬಿಟ್ಟು, ಕತ್ತಿನ ಬಟ್ಟೆ ಉಬ್ಬಿ ಇಳಿಯುವುದನ್ನು ತೋರಿಸಿ, ಮತ್ತೆ ಅವನ ತುಟಿ ತೆರೆದಾಗ ಧ್ವನಿಯನ್ನು ತಂದಿಡಬಹುದಿತ್ತು. ಒಂದು ಮಧ್ಯಾಹ್ನದ ಕೆಲಸ. ಈಗ ಅದನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಕೂಡಿಸಬೇಕು ಎಂದು ಅವಳಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಕತ್ತರಿಸಲು ಚಿತ್ರವೇ ಇರಲಿಲ್ಲ.

ಏಣಿ ಹೋದ ಮೇಲೆ ಅಮ್ಮ, "ಆ ವಿಡಿಯೋ ಹಾಕು, ನೋಡೋಣ" ಎಂದಳು. ಇಬ್ಬರೂ ಗೋಡೆಗೊರಗಿ ಕೂತು ಮೊಬೈಲಿನಲ್ಲಿ ನೋಡಿದರು. ಕೊನೆಯ ಸಾಲಿನಲ್ಲಿ ಹುಡುಗ ಬಾಯನ್ನು ಎಡಕ್ಕೆ ಒಂದಿಷ್ಟು ವಾರೆ ಮಾಡಿ "ಎಲ್ಲಿ"ಯನ್ನು ಎಳೆದ. ಅಮ್ಮ ಮೊಬೈಲನ್ನು ಮುಖದ ಹತ್ತಿರ ತಂದುಕೊಂಡಳು.

"ನೋಡು, ಈ ವಾರೆ ಬಾಯಿ ಅವರದೇ. ಈ ಹುಡುಗಂಗೆ ಎಲ್ಲಿಂದ ಬಂತು ಅಂತ ಅವತ್ತೇ ಅಂದ್ಕೊಂಡಿದ್ದೆ."

ಎಷ್ಟು ಸಲ ನೋಡಿದ್ದಳು ಆ ತುಟಿಗಳನ್ನು ಕತ್ತರಿ. ಸರಿಯಾಗಿ ಕೂತಿದೆಯೇ ಎಂದು ನೋಡಿದ್ದಳೇ ಹೊರತು ಯಾರದೆಂದು ನೋಡಿರಲಿಲ್ಲ.

"ಅಮ್ಮ, ಅಪ್ಪಂಗೆ ನನ್ಮೇಲೆ ಬೇಜಾರಿತ್ತಾ?"

ಅಮ್ಮ ಕೂಡಲೇ ಇಲ್ಲ ಎನ್ನಲಿಲ್ಲ. ಸೆರಗಿನಿಂದ ಮೊಬೈಲಿನ ಗಾಜು ಒರೆಸಿದಳು. "ಬೇಜಾರೂಂತ ಅಲ್ಲ. ಹೊಟ್ಟೆಗೆ ಹಾಕ್ಕೊಂಡ್ರು ಬಿಡು. ಆದ್ರೆ ಅವತ್ತು ಅವರು ಆ ಹುಡುಗನ್ನ ಹಾಕು ಅಂದಾಗ, 'ಬೇಡಪ್ಪ, ನೀನೇ ಇರು' ಅಂತ ನೀನು ಒಂದೇ ಒಂದ್ಸಲ ಅಂದಿದ್ರೆ ಸಾಕಾಗಿತ್ತು. ಅಂದಿದ್ರೂ ಅವರು ಒಪ್ತಿರ್ಲಿಲ್ಲ, ಅದು ನಂಗೂ ಗೊತ್ತು. ಆದ್ರೂ."

ಟೀ ಲೋಟಗಳು ಹಾಗೇ ಬಿದ್ದಿದ್ದವು. ಕತ್ತರಿ ಅವನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಹಿಂದಿನಿಂದ ಅಮ್ಮ ಇನ್ನೂ ಏನೋ ಹೇಳುತ್ತಿದ್ದಳು. ನೀರಿನ ಸದ್ದಿಗೆ ಕೇಳಿಸಲಿಲ್ಲ. ಅವಳು ನಲ್ಲಿ ನಿಲ್ಲಿಸಿ, ಅಮ್ಮನ ಮುಖದ ಕಡೆ ತಿರುಗಿ ನಿಂತು, "ಏನಂದೆ ಅಮ್ಮ?" ಎಂದು ಕೇಳಿದಳು.